ಅಪ್ಪನಿಗೆ ಉಳಿದದ್ದು ಕೆಳಗಿನ ನಾಲ್ಕು ಹಲ್ಲು: ಎಲ್ಲ ಕೀಳಿಸಿ ಸೆಟ್ಟು ಕಟ್ಟಿಸುವುದಾ, ಇದ್ದದ್ದನ್ನು ಇಟ್ಟುಕೊಳ್ಳುವುದಾ?

ಬೇಳದ ಮಗಳು

ನಾವು ಕಾಸರಗೋಡಿನವರು. ಅಪ್ಪನಿಗೆ 78. ಸಕ್ಕರೆ ಉಂಟು, ಬಿಪಿ ಉಂಟು, ಹಾರ್ಟಿಗೆ ಸ್ಟೆಂಟ್ ಹಾಕಿದ ಮೇಲೆ ರಕ್ತ ತೆಳು ಮಾಡುವ ಮಾತ್ರೆಯೂ ಉಂಟು. ಬಾಯಿಯಲ್ಲಿ ಈಗ ಉಳಿದದ್ದು ಇಷ್ಟು: ಕೆಳಗೆ ಎರಡು ಕೋರೆಹಲ್ಲು, ಅದರ ನಡುವೆ ಅಲುಗಾಡುವ ಎರಡು ಹಲ್ಲು, ಮೇಲೆ ಬಲಬದಿಯಲ್ಲಿ ಒಂದು ಮುರುಕು ಬೇರು.

ಊಟಕ್ಕೆ ಕೂತರೆ ನೋಡ್ಲಿಕ್ಕೆ ಆಗುವುದಿಲ್ಲ. ದೋಸೆಯನ್ನು ಚಹಾದಲ್ಲಿ ಅದ್ದಿ ಮೆತ್ತಗಾಗುವವರೆಗೆ ಕಾಯ್ತಾರೆ. ಪಲ್ಯದ ಹೋಳನ್ನು ಈಚೆ ಬದಿಯಿಂದ ಆಚೆ ಬದಿಗೆ ಹೊರಳಿಸಿ ಹೊರಳಿಸಿ, ಕೊನೆಗೆ ಮೆಲ್ಲ ತೆಗೆದು ಎಲೆಯ ಕೊಡಿಯಲ್ಲಿ ಇಡ್ತಾರೆ. ಮದುವೆ ಊಟಕ್ಕೆ ಬರುವುದನ್ನೇ ಬಿಟ್ಟಿದ್ದಾರೆ, ಪಂಕ್ತಿ ಏಳುವಾಗ ತನ್ನ ಎಲೆಯಲ್ಲಿ ಅರ್ಧ ಊಟ ಬಾಕಿ ಇರ್ತದೆ ಅಂತ. ಕೇಳಿದರೆ "ಗಂಜಿ ಕುಡೀಲಿಕ್ಕೆ ಹಲ್ಲು ಎಂತಕ್ಕೆ" ಹೇಳ್ತಾರೆ. ತೂಕ ಇಳಿದಿದೆ.

ಇಬ್ಬರು ಡಾಕ್ಟ್ರಿಗೆ ತೋರಿಸಿದೆವು. ಒಬ್ಬರು, ಎಲ್ಲ ಕಿತ್ತು ಮೇಲೆ ಕೆಳಗೆ ಫುಲ್ ಸೆಟ್ಟು ಹಾಕುವ ಅಂದರು. ಇನ್ನೊಬ್ಬರು, ಕೋರೆಹಲ್ಲು ಎರಡನ್ನು ಕೀಳಬೇಡಿ, ರೂಟ್ ಕೆನಾಲ್ ಮಾಡಿ ಗಿಡ್ಡ ಮಾಡಿ ಅದರ ಮೇಲೆಯೇ ಸೆಟ್ಟು ಕೂರಿಸುವ ಅಂದರು. ಅದಕ್ಕೆ ಖರ್ಚು ಜಾಸ್ತಿ, ಓಡಾಟವೂ ಜಾಸ್ತಿ. ಶಾರ್ಜಾದಲ್ಲಿರುವ ತಮ್ಮ "ದುಡ್ಡು ನಾನು ಕಳಿಸ್ತೇನೆ, ಇಂಪ್ಲಾಂಟ್ ಮಾಡಿಸಿ ಬಿಡಿ" ಅಂತ ಫೋನಿನಲ್ಲೇ ತೀರ್ಮಾನ ಕೊಟ್ಟಿದ್ದಾನೆ. ಅತ್ತೆ ಬೇರೆ, ಮೇಲಿನ ಬೇರು ಮುಟ್ಟಿದರೆ ಕಣ್ಣು ಹೋಗ್ತದೆ, ಈಗಷ್ಟೇ ಪೊರೆ ತೆಗೆಸಿದ್ದು ಅಂತ ಹೆದರಿಸಿದ್ದಾರೆ.

ಮನೆಯಲ್ಲಿ ಹಿರಿಯರಿಗೆ ಸೆಟ್ಟು ಕಟ್ಟಿಸಿದವರು ಅನುಭವ ಹೇಳಿ. ಕಡಲೆಯ ಗಾದೆ ದಯವಿಟ್ಟು ಬೇಡ, ಮನೆಯಲ್ಲಿ ಕೇಳಿ ಕೇಳಿ ಸಾಕಾಗಿದೆ.

ಉಪ್ಪಳ ಲೋಕಲ್

ಎಲ್ಲ ತೆಗೆಸಿ ಬಿಡಿ ಅಕ್ಕ. ಅಲ್ಲಾಡುವ ಹಲ್ಲು ಇಟ್ಟುಕೊಂಡು ಯಾರು ಉದ್ಧಾರ ಆದದ್ದು? ನಮ್ಮ ಅಜ್ಜ ಎಲ್ಲ ಕೀಳಿಸಿ ಸೆಟ್ಟು ಹಾಕಿ ಈಗ ಚಕ್ಕುಲಿ ತಿಂತಾರೆ.

ಕುಂಬ್ಳೆ ಕಡಲು

ಹಲ್ಲಿದ್ದಾಗ ಕಡಲೆ ಇಲ್ಲ...

ಪೆರ್ಲ ಪೇಟೆ

ಬೇಡ ಅಂದದ್ದು ಕಾಣ್ಲಿಲ್ವಾ ಮಾರಾಯ್ರೆ?

ನಿವೃತ್ತ ಮಾಷ್ಟ್ರು

ಉಪ್ಪಳದವರ ಅಜ್ಜ ಪುಣ್ಯವಂತರು. ನನಗೆ 71, ಎರಡೂ ಸಾಲು ಸೆಟ್ಟು, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೇಲಿನ ಸೆಟ್ಟು ಅಂಗುಳಕ್ಕೆ ಅಂಟಿ ಕೂತುಬಿಡುತ್ತದೆ. ಒಂದು ತಿಂಗಳು ಬಾಯಿ ತುಂಬಾ ಏನೋ ಇಟ್ಟ ಹಾಗೆ ಅನ್ನಿಸಿ, ಆಮೇಲೆ ಅದು ಇದೆ ಎನ್ನುವುದೇ ಮರೆತುಹೋಯಿತು. ಕೆಳಗಿನದ್ದರ ಕಥೆ ಬೇರೆ. ಹಿಡಿಯಲು ಅದಕ್ಕೆ ಜಾಗವೇ ಇಲ್ಲ, ಕುದುರೆ ಲಾಳದಷ್ಟು ತೆಳು ಪಟ್ಟಿ. ಒಳಗಿನಿಂದ ನಾಲಗೆ ನೂಕುತ್ತದೆ, ಹೊರಗಿನಿಂದ ಕೆನ್ನೆ ನೂಕುತ್ತದೆ. ಒಮ್ಮೆ ವಾಚನಾಲಯದ ಸಭೆಯಲ್ಲಿ ವಂದನಾರ್ಪಣೆ ಮಾಡುವಾಗ "ಸಭಾಧ್ಯಕ್ಷರೇ" ಎನ್ನುವಷ್ಟರಲ್ಲಿ ಕೆಳಗಿನದ್ದು ಮೇಲೆ ಬಂತು. ನಾಲಗೆಯಿಂದ ಒತ್ತಿ ಹಿಡಿದು, ಉಳಿದವರ ಹೆಸರೆಲ್ಲ ಬಿಟ್ಟು "ಎಲ್ಲರಿಗೂ" ಎಂದು ಮುಗಿಸಿದೆ. ಅಷ್ಟು ಚಿಕ್ಕ ವಂದನಾರ್ಪಣೆ ಆ ವಾಚನಾಲಯದಲ್ಲಿ ಅದಕ್ಕೆ ಮೊದಲು ಯಾರೂ ಕೇಳಿರಲಿಲ್ಲ, ಸಭಿಕರು ಮೆಚ್ಚಿದರು.

ಈಗ ಊಟಕ್ಕೆ ಮೇಲಿನದ್ದು ಮಾತ್ರ ಹಾಕುತ್ತೇನೆ, ಕೆಳಗಿನದ್ದು ಸಭೆ ಸಮಾರಂಭಕ್ಕೆ. ನನಗೂ ಕೋರೆಹಲ್ಲು ಎರಡು ಗಟ್ಟಿ ಇದ್ದವು. ಆಗ ಉಳಿಸಿಕೊಳ್ಳಬಹುದು ಎಂದು ಹೇಳುವವರು ಸಿಗಲಿಲ್ಲ. ಅಮ್ಮಾ, ಎರಡನೇ ಡಾಕ್ಟರರ ಮಾತು ಕೇಳಿ.

ಹಲ್ಲಿನ ಡಾಕ್ಟ್ರು

ಮಾಷ್ಟ್ರು ನಮ್ಮ ಪಾಠವನ್ನು ಅವರೇ ಮಾಡಿದ್ದಾರೆ. ನಾನು ಮಂಗಳೂರಿನಲ್ಲಿ ದಂತವೈದ್ಯೆ, ತವರು ನೀರ್ಚಾಲು. ಬಾಯಿ ನೋಡದೆ ಹೀಗೇ ಮಾಡಿ ಅಂತ ಹೇಳುವುದು ಸರಿಯಲ್ಲ, ಆದರೆ ಕಾರಣ ಹೇಳಬಹುದು.

ಹಲ್ಲು ಕಿತ್ತ ಮೇಲೆ ಅದನ್ನು ಹಿಡಿದಿದ್ದ ದವಡೆಯ ಎಲುಬಿಗೆ ಕೆಲಸ ಇರುವುದಿಲ್ಲ, ಅದು ಕರಗ್ತಾ ಹೋಗ್ತದೆ. ಮೊದಲ ವರ್ಷ ಜಾಸ್ತಿ, ಆಮೇಲೆ ನಿಧಾನ, ಆದರೆ ನಿಲ್ಲುವುದಿಲ್ಲ. ಕೆಳದವಡೆ ಮೇಲಿನದ್ದಕ್ಕಿಂತ ಸುಮಾರು 4 ಪಟ್ಟು ಹೆಚ್ಚು ಸವೆಯುತ್ತದೆ. ಹೊಸದರಲ್ಲಿ ಸರಿ ಕೂತ ಸೆಟ್ಟು ಕೆಲವು ವರ್ಷದಲ್ಲಿ ಸಡಿಲ ಆಗುವುದು ಇದಕ್ಕೇ. ಸೆಟ್ಟು ದೊಡ್ಡದಾದದ್ದಲ್ಲ, ದವಡೆ ಸಣ್ಣದಾದದ್ದು. ಒಳಬದಿಗೆ ಹೊಸ ಪದರ ಹಾಕಿ ಸರಿ ಮಾಡಬಹುದು, 5ರಿಂದ 7 ವರ್ಷಕ್ಕೆ ಹೊಸದೇ ಬೇಕಾಗ್ತದೆ.

ಕೋರೆಹಲ್ಲಿನ ಬೇರು ಬಾಯಿಯಲ್ಲೇ ಉದ್ದದ ಬೇರು. ಅದನ್ನು ಒಳಗೆ ಉಳಿಸಿಕೊಂಡರೆ ಆ ಭಾಗದ ಎಲುಬು ಉಳೀತದೆ, ಸೆಟ್ಟಿಗೆ ಕೂರ್ಲಿಕ್ಕೆ ಆಧಾರ ಆಗ್ತದೆ, ಎಷ್ಟು ಜೋರಾಗಿ ಕಚ್ತಾ ಇದ್ದೇವೆ ಎನ್ನುವ ಅಂದಾಜೂ ಸಿಗ್ತದೆ. ಆದರೆ ಒಂದು ಷರತ್ತು ಉಂಟು. ಗಿಡ್ಡ ಮಾಡಿದ ಬೇರನ್ನು ದಿನಾ ಮೆತ್ತಗಿನ ಬ್ರಷ್ಷಿನಲ್ಲಿ, ಫ್ಲೋರೈಡ್ ಇರುವ ಪೇಸ್ಟ್ ಹಾಕಿ ತಿಕ್ಕಬೇಕು. ಸೆಟ್ಟಿನ ಅಡಿ ಉಂಟಲ್ಲ, ಯಾರು ನೋಡ್ತಾರೆ ಅಂತ ಬಿಟ್ಟರೆ ಹುಳುಕಾಗಿ ಒಂದೆರಡು ವರ್ಷದಲ್ಲಿ ಅದೂ ಹೋಗ್ತದೆ. ಅಪ್ಪನಿಗೆ ಕೈ ನಡುಗುವುದು ಇದ್ದರೆ ಯಾರಾದರೂ ಮಾಡಿಕೊಡ್ಲಿಕ್ಕೆ ಆಗ್ತದಾ ಅಂತ ಮೊದಲೇ ಯೋಚಿಸಿ. ನಡುವಿನ ಅಲುಗಾಡುವ ಎರಡು ಹೆಚ್ಚಾಗಿ ತೆಗೆಯಬೇಕಾದೀತು.

ಇನ್ನು ಕಣ್ಣಿನ ವಿಷಯ. ಹಲ್ಲಿನ ನರ ಬೇರೆ, ದೃಷ್ಟಿಯ ನರ ಬೇರೆ, ಒಂದನ್ನು ಮುಟ್ಟಿದರೆ ಇನ್ನೊಂದಕ್ಕೆ ಏನೂ ಆಗುವುದಿಲ್ಲ. ಹಲ್ಲು ಬೀಳುವ ಪ್ರಾಯ, ಕಣ್ಣು ಮಂಜಾಗುವ ಪ್ರಾಯ ಒಂದೇ ಆದ ಕಾರಣ ಜನ ಎರಡನ್ನೂ ಜೋಡಿಸಿದ್ದು. ಬದಲಿಗೆ, ಆ ಮುರುಕು ಬೇರಿನ ಬುಡದಲ್ಲಿ ಕೀವಾದರೆ ಕೆನ್ನೆ ಬಾತು ಕಣ್ಣಿನ ಕೆಳಗಿನವರೆಗೂ ಬರಬಹುದು. ಅತ್ತೆಗೆ ಹಾಗೆ ಹೇಳಿ, ಒಪ್ಪಿದರೂ ಒಪ್ಪಬಹುದು.

ಬೇಳದ ಮಗಳು

ಡಾಕ್ಟ್ರೇ, ತುಂಬಾ ಉಪಕಾರ ಆಯ್ತು. ಅತ್ತೆ ಒಪ್ಪುವುದು ಮಾತ್ರ ಡೌಟು.

ಮೀಯಪದವು

ರಕ್ತ ತೆಳು ಮಾಡುವ ಮಾತ್ರೆ ಉಂಟು ಅಂದ್ರಲ್ಲ, ಕೀಳಿಸುವ ಒಂದು ವಾರ ಮೊದಲು ನಿಲ್ಲಿಸಿ ಬಿಡಿ. ನಮ್ಮ ಮಾವನಿಗೆ ಹಾಗೇ ಮಾಡಿದ್ದು. ರಕ್ತ ನಿಲ್ಲದಿದ್ದರೆ ಮತ್ತೆ ಪಚೀತಿ.

ಹಲ್ಲಿನ ಡಾಕ್ಟ್ರು

ಇದನ್ನು ದೊಡ್ಡ ಅಕ್ಷರದಲ್ಲಿ ಓದಿ ಎಲ್ಲರೂ: ಸ್ಟೆಂಟ್ ಇದ್ದವರು ಆ ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ನಿಲ್ಲಿಸಬಾರದು. ವಸಡಿನಿಂದ ರಕ್ತ ಬಂದರೆ ಹತ್ತಿ ಒತ್ತಿ, ಹೊಲಿಗೆ ಹಾಕಿ ನಿಲ್ಲಿಸಲು ನಮಗೆ ಬರ್ತದೆ. ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟಿದರೆ ಜೀವಕ್ಕೇ ಸಂಚಕಾರ. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತಗೊಳ್ತಾ ಇರುವಾಗಲೇ ಒಂದೆರಡು ಹಲ್ಲು ಕೀಳುವುದು ಸಾಮಾನ್ಯ. ವಾರ್ಫರಿನ್ ಜಾತಿಯ ಮಾತ್ರೆಯಾದರೆ ಹತ್ತಿರದ ದಿನಗಳ ಐಎನ್‌ಆರ್ ವರದಿ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಎನ್ನುವ ಪರೀಕ್ಷೆ) ನೋಡಿ ತೀರ್ಮಾನ ಮಾಡ್ತೇವೆ. ಕೀಳುವ ಡಾಕ್ಟ್ರು, ಹಾರ್ಟಿನ ಡಾಕ್ಟ್ರು ಇಬ್ಬರೂ ಮಾತಾಡಿಕೊಳ್ಳಲಿ.

ಸಕ್ಕರೆ ಇದ್ದವರು ಬೆಳಗ್ಗಿನ ಹೊತ್ತಿಗೆ ಹೋಗಿ, ತಿಂಡಿ ತಿಂದು, ಮಾತ್ರೆ ತಗೊಂಡೇ ಹೋಗಿ. ಹಲ್ಲು ಕೀಳುವುದಕ್ಕೆ ಖಾಲಿ ಹೊಟ್ಟೆ ಬೇಕು ಅಂತ ಉಪವಾಸ ಬಂದು ಕುರ್ಚಿಯಲ್ಲಿ ಬೆವರಿ ಬೀಳುವವರು ಇದ್ದಾರೆ.

ಎಲುಬು ಸವೆತಕ್ಕೆ ವಾರಕ್ಕೊಮ್ಮೆ ಅಲೆಂಡ್ರೊನೇಟ್ ಮಾತ್ರೆ, ಅಥವಾ ಜೊಲೆಡ್ರೊನಿಕ್ ಆಸಿಡ್ ಇಂಜೆಕ್ಷನ್ ತಗೊಂಡವರು ಅದನ್ನು ಕೀಳಿಸುವ ಮೊದಲೇ ಹೇಳಬೇಕು. ಅಪರೂಪಕ್ಕೆ ಗಾಯ ಒಣಗದೆ ದವಡೆ ಎಲುಬೇ ಕೊಳೆಯುವುದುಂಟು. ಅಮ್ಮಂದಿರಲ್ಲಿ ಈ ಮಾತ್ರೆ ಜಾಸ್ತಿ. ಅದು ಕಾಲುನೋವಿನ ಮಾತ್ರೆ ಅಂತ ನಮ್ಮ ಹತ್ತಿರ ಹೇಳುವುದೇ ಇಲ್ಲ.

ಮೀಯಪದವು

ಮಾವನಿಗೆ ಎಂತದೂ ಆಗ್ಲಿಲ್ಲ ಅಂತ ಹೇಳಿದ್ದು ಅಷ್ಟೆ.

ಪೆರ್ಲ ಪೇಟೆ

ಮಾವನ ಅದೃಷ್ಟ.

ಜಯನಗರ 4ನೇ ಬ್ಲಾಕ್

ಸರ್ಕಾರದ ದಂತಭಾಗ್ಯ ಯೋಜನೆ ಇದೆಯಲ್ರೀ! ಬಿಪಿಎಲ್ ಕಾರ್ಡ್ ಇದ್ರೆ ಫ್ರೀಯಾಗಿ ಹಲ್ಲಿನ ಸೆಟ್ ಮಾಡಿಕೊಡ್ತಾರೆ. ಯಾಕೆ ಯಾರೂ ಹೇಳ್ತಿಲ್ಲ?

ಅಕ್ಷಯದ ಹುಡುಗ

ಸಾರ್, ಅದು ಕರ್ನಾಟಕದ್ದು. ನಮ್ಮದು ಕೇರಳದ ರೇಶನ್ ಕಾರ್ಡು. ಗಡಿಯ ತಲಪಾಡಿ ದಾಟಿದರೆ ನಮ್ಮ ಕಾರ್ಡಿಗೆ ಬೆಲೆ ಇಲ್ಲ, ಮಾತಿಗೆ ಮಾತ್ರ ಬೆಲೆ.

ಇಲ್ಲಿನವರಿಗೆ ಇರುವುದು ಸಾಮಾಜಿಕ ನ್ಯಾಯ ಇಲಾಖೆಯ "ಮಂದಹಾಸಂ". 60 ದಾಟಿದ ಬಿಪಿಎಲ್‌ನವರಿಗೆ ಸೆಟ್ಟು ಹಲ್ಲು. ಇಲಾಖೆಯ ಸುನೀತಿ ಪೋರ್ಟಲಿನಲ್ಲಿ ಅರ್ಜಿ, ನಮ್ಮ ಅಕ್ಷಯ ಸೇವಾ ಕೇಂದ್ರದಲ್ಲಿ ತುಂಬಿಸಿ ಕೊಡ್ತೇವೆ. ಪ್ರಾಯದ ದಾಖಲೆ, ರೇಶನ್ ಕಾರ್ಡು, ಹಲ್ಲಿನ ಡಾಕ್ಟ್ರ ಸರ್ಟಿಫಿಕೇಟು ಬೇಕು. ಒಂದು ಮಾತು ಗಮನಿಸಿ: ಎಲ್ಲ ಹಲ್ಲು ಹೋದವರಿಗೆ, ಇಲ್ಲವೇ ಉಳಿದ ಹಲ್ಲು ಪ್ರಯೋಜನಕ್ಕೆ ಬಾರದೆ ಕೀಳಲೇಬೇಕಾದವರಿಗೆ ಅದು. ಹಾಗಾಗಿ ಈ ಅಕ್ಕನ ಅಪ್ಪನ ಕೋರೆಹಲ್ಲು ಉಳಿಸುವ ಕೇಸಿಗೆ ಹೊಂದುವುದು ಕಷ್ಟ. ಅರ್ಜಿ ಪಾಸಾಗಲಿ ಅಂತ ಗಟ್ಟಿ ಹಲ್ಲು ಕೀಳಿಸಬೇಡಿ.

ಬೇಳದ ಮಗಳು

ನಮ್ಮದು ಬಿಪಿಎಲ್ ಅಲ್ಲದ ನೀಲಿ ಕಾರ್ಡು ತಮ್ಮಾ, ಹೇಗೂ ಸಿಗ್ಲಿಕ್ಕಿಲ್ಲ. ಆದರೆ ನಮ್ಮಲ್ಲಿಗೆ ಕೆಲಸಕ್ಕೆ ಬರುವ ಕಮಲಕ್ಕನದ್ದು ಬಿಪಿಎಲ್‌ನ ಪಿಂಕ್ ಕಾರ್ಡು, ಬೊಚ್ಚುಬಾಯಿ. ಅವರನ್ನು ನಿಮ್ಮಲ್ಲಿಗೆ ಕಳಿಸ್ತೇನೆ.

ಅಕ್ಷಯದ ಹುಡುಗ

ಖಂಡಿತ ಕಳಿಸಿ. ಆಧಾರ್ ಮತ್ತು ಕಾರ್ಡು ಎರಡೂ ತರ್ಲಿಕ್ಕೆ ಹೇಳಿ. ಎರಡರಲ್ಲೂ ಹೆಸರು ಒಂದೇ ತರ ಉಂಟಾ ನೋಡಿ, ಅಲ್ಲೇ ಸಿಕ್ಕಿಬೀಳುವುದು ಎಲ್ಲರೂ.

ಕುಂಬ್ಳೆ ಕಡಲು

ಆ ಫಾರಂ ಕನ್ನಡದಲ್ಲಿ ಇಲ್ಲದ್ದು ಯಾಕೆ ಅಂತ ಯಾರಾದ್ರೂ ಕೇಳಿದ್ದೀರಾ? ಭಾಷಾ ಅಲ್ಪಸಂಖ್ಯಾತ ಪ್ರದೇಶ ಅಂತ ಬೋರ್ಡಿನಲ್ಲಿ ಮಾತ್ರ. ನಮ್ಮ ದೊಡ್ಡಮ್ಮನಿಗೆ ಮಲಯಾಳ ಮಾತಾಡ್ಲಿಕ್ಕೆ ಬರ್ತದೆ, ಓದ್ಲಿಕ್ಕೆ ಬರುವುದಿಲ್ಲ. ಎಲ್ಲಿ ಹೇಳಿದರೋ ಅಲ್ಲಿ ಹೆಬ್ಬೆಟ್ಟು. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಇದೇ ಕಥೆ.

ಉಪ್ಪಳ ಲೋಕಲ್

ಬಂತು ನೋಡಿ. ಹಲ್ಲಿನಿಂದ ಗಡಿ ವಿವಾದದ ಮಹಾಜನ ವರದಿಗೆ ಎಷ್ಟು ದೂರ ಅಂತ ಎಣಿಸ್ತಾ ಇದ್ದೆ.

ಕುಂಬ್ಳೆ ಕಡಲು

ನಗಾಡಿ ನಗಾಡಿ. ಹಲ್ಲು ಇದ್ದವರು ನಗಾಡ್ಲಿ.

ನಿವೃತ್ತ ಮಾಷ್ಟ್ರು

ಕುಂಬಳೆಯವರ ಮಾತು ತಮಾಷೆಯಲ್ಲ. ಫಾರಂ ತುಂಬಿಸಲು ಇನ್ನೊಬ್ಬರು ಬೇಕು ಎನ್ನುವ ಒಂದೇ ಕಾರಣಕ್ಕೆ ಪ್ರಾಯದವರು "ಬೇಡ ಬಿಡು" ಎಂದುಬಿಡುತ್ತಾರೆ. ಕನ್ನಡದಲ್ಲಿ ಅರ್ಜಿ ಕೊಡಲು ನಮಗೆ ಹಕ್ಕಿದೆ, ಬರೆದು ಕೊಡಿ. ಇಲ್ಲಿಗೆ ನಿಲ್ಲಿಸುತ್ತೇನೆ, ಇಲ್ಲದಿದ್ದರೆ ನಾನೇ ಭಾಷಣ ಶುರು ಮಾಡಿಯೇನು.

ತೋಟದ ಮನೆ

ನಮ್ಮ ಅಜ್ಜಿ 90 ದಾಟಿ ಬದುಕಿದವರು. ಹಲ್ಲು ಹೋದ ಮೇಲೂ ಕುಟ್ಟಾಣಿಯಲ್ಲಿ ಎಲೆಯಡಿಕೆ ಕುಟ್ಟಿ ಬಾಯಿಗೆ ಹಾಕ್ತಿದ್ದರು. ಜಗಲಿಯಿಂದ ಟಕ್ ಟಕ್ ಕೇಳದಿದ್ದರೆ ಅಜ್ಜಿಗೆ ಜ್ವರ ಅಂತ ಅರ್ಥ. ಹುಳುಕು ಹಲ್ಲು ಅಂತ ಒಂದು ದಿನ ಡಾಕ್ಟ್ರ ಹತ್ರ ಹೋದವರಲ್ಲ. ಎಲೆ, ಅಡಿಕೆ, ಸುಣ್ಣ ಹಲ್ಲಿಗೆ ಒಳ್ಳೇದು ಅಂತ ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಈಗಿನವರು ಚಾಕ್ಲೇಟು, ಬಿಸ್ಕೆಟು ತಿಂದು ಹಲ್ಲು ಹಾಳು ಮಾಡಿ ಅಡಿಕೆಗೆ ಬೈಯ್ತಾರೆ.

ಹಲ್ಲಿನ ಡಾಕ್ಟ್ರು

ಇಲ್ಲಿ ಇನ್ನೂ ಯಾರೂ ಅಡಿಕೆಗೆ ಬೈದಿಲ್ಲ ಭಾವ, ನೀವೇ ಎಳೆದು ತಂದದ್ದು. ತಂದ ಮೇಲೆ ಹೇಳಲೇಬೇಕು. ಹೊಗೆಸೊಪ್ಪು ಸೇರಿಸದ ಎಲೆಯಡಿಕೆಯನ್ನೂ, ಬರಿ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಸೇರಿಸಿದೆ. ಕ್ಯಾನ್ಸರಿಗೆ ಮೊದಲೇ ಬರುವುದು ಕೆನ್ನೆಯ ಒಳಪದರ ಗಟ್ಟಿಯಾಗಿ ಬಾಯಿ ತೆರೆಯಲಾಗದ ಸ್ಥಿತಿ. ಬಾಯಿಗೆ ಎರಡು ಬೆರಳು ಹೋಗದವರಿಗೆ ಸೆಟ್ಟಿನ ಅಳತೆ ತೆಗೆಯುವುದು ಹೇಗೆ ಹೇಳಿ.

ತೋಟದ ಮನೆ

ಅದು ಗುಟ್ಕಾದಿಂದ. ಗುಟ್ಕಾಕ್ಕೆ ಹಾಕುವ ರಾಸಾಯನಿಕದ ಪಾಪವನ್ನು ಅಡಿಕೆಯ ತಲೆಗೆ ಕಟ್ಟಿದ್ದಾರೆ. ವಿದೇಶಿ ಲಾಬಿ. 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಹುಟ್ಟದಿದ್ದರೆ ಕೇರಳ, ಕರ್ನಾಟಕ ಎರಡು ಕಡೆಯ ಬೆಳೆಗಾರರೂ ಆವಾಗಲೇ ಮುಳುಗಿರ್ತಿದ್ದೆವು. ಈಗ ಡಾಕ್ಟ್ರುಗಳು ಮುಳುಗಿಸಲು ಹೊರಟಿದ್ದೀರಿ. ನಿಮ್ಮ ತವರಿನಲ್ಲೂ ತೋಟ ಉಂಟಲ್ಲ?

ಹಲ್ಲಿನ ಡಾಕ್ಟ್ರು

ಉಂಟು. ಅಂಗಳದಲ್ಲಿ ಅಡಿಕೆ ಹರಡಿಯೇ ಅಪ್ಪ ನನಗೆ ಬಿಡಿಎಸ್ ಓದಿಸಿದ್ದು. ಮಾರುವುದು ನಮ್ಮ ಬದುಕು, ಅದಕ್ಕೆ ನಾನು ಅಡ್ಡ ಬರುವುದಿಲ್ಲ. ಬಾಯಲ್ಲಿ ಇಟ್ಟು ಮಲಗುವವರ ಕೆನ್ನೆಯ ಒಳಗೆ ನಾನು ನೋಡಿದ್ದನ್ನು ಮಾತ್ರ ಹೇಳ್ತೇನೆ. ಎರಡು ವಾರ ಕಳೆದರೂ ಒಣಗದ ಹುಣ್ಣು, ಬಿಳಿ ಇಲ್ಲವೇ ಕೆಂಪು ಕಲೆ, ಖಾರ ತಿಂದರೆ ಉರಿ, ಬಾಯಿ ತೆರೆಯಲು ಬಿಗಿತ, ಇದರಲ್ಲಿ ಯಾವುದಿದ್ದರೂ ತೋರಿಸಿ. ಸೆಟ್ಟು ಹಾಕಿದವರಲ್ಲಿ "ಸೆಟ್ಟು ತಾಗಿ ಹುಣ್ಣಾದದ್ದು" ಅಂತ ಬಿಟ್ಟುಬಿಡುವುದು ಜಾಸ್ತಿ. ಸೆಟ್ಟು ತೆಗೆದಿಟ್ಟ ಮೇಲೂ ಎರಡು ವಾರದಲ್ಲಿ ಒಣಗದಿದ್ದರೆ ಅದು ಸೆಟ್ಟಿನ ಹುಣ್ಣಲ್ಲ.

ತೋಟದ ಮನೆ

ತೋರಿಸುವುದು ಸರಿ. ಆ ವರದಿಯನ್ನು ಮಾತ್ರ ನಾನು ಒಪ್ಪುವುದಿಲ್ಲ.

ಪೆರ್ಲ ಪೇಟೆ

ಒಳ್ಳೆ ಗಟ್ಟಿ ಚಾಲಿ ಅಡಿಕೆ ಇವರು, ಒಡೆಯುವುದಿಲ್ಲ. ವಿಷಯಕ್ಕೆ ಬನ್ನಿ. ಮೊದಲು ಪೇಸ್ಟು ಎಲ್ಲಿತ್ತು? ಉಮಿಕರಿಗೆ ಸ್ವಲ್ಪ ಉಪ್ಪು, ಮಾವಿನ ಎಲೆ ಮಡಚಿ ತಿಕ್ಕುವುದು, ತೆಂಗಿನ ಗರಿಯ ಕಡ್ಡಿ ಸೀಳಿ ನಾಲಗೆ ಹೆರೆಯುವುದು. ಬಾವಿಕಟ್ಟೆಯ ಬದಿಯ ಕಲ್ಲಿನ ಮೇಲೆ ಕರಿ ಉಗಿದು ಉಗಿದು ಕಪ್ಪಾಗಿತ್ತು. ನಮ್ಮ ಅಜ್ಜನ ಹಲ್ಲು ಫಳಫಳ.

ಹಲ್ಲಿನ ಡಾಕ್ಟ್ರು

ಫಳಫಳ ಹೌದು, ಬುಡದಲ್ಲಿ ಕೊಡಲಿಯಿಂದ ಕಚ್ಚು ಹಾಕಿದ ಹಾಗೆ ಸವೆದಿರ್ತದೆ. ನಮ್ಮಲ್ಲಿಗೆ ಬರುವ ಹಿರಿಯರಲ್ಲಿ ಜುಮ್ಮೆನ್ನುವ ದೂರಿಗೆ ಇದೇ ದೊಡ್ಡ ಕಾರಣ. ನಾಲಗೆ ಹೆರೆಯುವುದು ಒಳ್ಳೇದು, ಮುಂದುವರಿಸಿ.

ಚೆಂಡೆ ಪೆಟ್ಟು

ಯಾರೂ ಮಾತಿನ ವಿಷಯ ಹೇಳ್ಲಿಲ್ಲ. ನಮ್ಮ ಊರಿನಲ್ಲಿ ಸೆಟ್ಟು ಹಲ್ಲಿನ ದೊಡ್ಡ ಪರೀಕ್ಷೆ ತಾಳಮದ್ದಳೆ, ಅಂದರೆ ವೇಷ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ.

ನಮ್ಮ ಸಂಘದಲ್ಲಿ ಹಿರಿಯ ಅರ್ಥಧಾರಿ ಒಬ್ಬರು, ಹೆಸರು ಬೇಡ. ಹೊಸ ಸೆಟ್ಟು ಹಾಕಿದ ವಾರವೇ ಕೃಷ್ಣಸಂಧಾನ, ಅವರದ್ದು ಕೌರವ. ಶ, ಷ, ಸ ಮೂರೂ ಸೀಟಿ ಆಗಿ ಬರ್ತಾ ಉಂಟು. "ಸೂಜಿಯ ಮೊನೆಯಷ್ಟು" ಹೇಳುವಾಗ ಎದುರಿನ ಸಾಲಿನ ಮಕ್ಕಳು ಕಿಸಕ್ಕ. ಕೃಷ್ಣನ ಪಾತ್ರದವರು ಬಿಡ್ತಾರಾ? "ಕೌರವಾ, ನಿನ್ನ ಮಾತಿನಲ್ಲಿ ಈಗೀಗ ಹಾವಿನ ಬುಸುಗುಟ್ಟುವಿಕೆ ಕೇಳ್ತದೆ, ಧ್ವಜದಲ್ಲಿದ್ದ ಸರ್ಪ ಬಾಯಿಗೆ ಇಳಿಯಿತೇ" ಅಂದರು. ಇವರು ಒಂದು ಗಳಿಗೆ ಸುಮ್ಮನಿದ್ದು, ಶಾಲು ಅಡ್ಡ ಹಿಡಿದು ಸೆಟ್ಟು ತೆಗೆದು ಜೇಬಿಗೆ ಹಾಕಿಕೊಂಡು, ಬೊಚ್ಚುಬಾಯಿಯಲ್ಲೇ ಉತ್ತರ ಕೊಟ್ಟರು: "ಸರ್ಪವನ್ನು ಬುಟ್ಟಿಗೆ ಹಾಕಿದೆ ಕೃಷ್ಣಾ, ಇನ್ನು ಮಾತಾಡು." ಅಷ್ಟು ಚಪ್ಪಾಳೆ ಆ ವರ್ಷ ಬೇರೆ ಯಾರಿಗೂ ಬಿದ್ದಿಲ್ಲ.

ಆಮೇಲೆ ಡಾಕ್ಟ್ರು ಮುಂದಿನ ಹಲ್ಲಿನ ಹಿಂಬದಿ ಸ್ವಲ್ಪ ಉಜ್ಜಿ ಸರಿ ಮಾಡಿಕೊಟ್ಟರಂತೆ. ಮನೆಯಲ್ಲಿ ದಿನಾ ಗಟ್ಟಿಯಾಗಿ ಭಾರತ ಓದಿ ಓದಿ ನಾಲಗೆ ಹೊಂದಿಕೊಂಡಿತು. ಈಗ ಸೀಟಿ ಇಲ್ಲ, ಕೌರವನೂ ಮೊದಲಿನ ಹಾಗೆ ಮಿಂಚುವುದಿಲ್ಲ ಅಂತ ನಮ್ಮ ಅಭಿಪ್ರಾಯ.

ಬೇಳದ ಮಗಳು

ಇದನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಆ ಕೂಟಕ್ಕೆ ಹೋಗಿದ್ದರಂತೆ!! ಅರ್ಥಧಾರಿಯ ಹೆಸರೂ ಹೇಳಿದರು. ನಾನು ಹಾಕುವುದಿಲ್ಲ.

ಶಾರ್ಜಾದಿಂದ

ಆ ತಮ್ಮ ನಾನೇ. ಎಲ್ಲರೂ ಹಳೇ ಕಾಲದ ಸೆಟ್ಟಿನ ಕಥೆ ಹೇಳ್ತಾ ಇದ್ದೀರಿ. ಇಂಪ್ಲಾಂಟ್ ಹಾಕಿದರೆ ಗಟ್ಟಿ ನಿಲ್ತದೆ, ಸ್ವಂತ ಹಲ್ಲಿನ ಹಾಗೆ. ಖರ್ಚಿನ ಚಿಂತೆ ಅಕ್ಕನಿಗೆ ಬೇಡ ಅಂದಿದ್ದೇನೆ. ಮತ್ತೆ ಯಾಕೆ ಅರೆಬರೆ ಕೆಲಸ?

ಹಲ್ಲಿನ ಡಾಕ್ಟ್ರು

ತಮ್ಮನ ಆಸೆ ಒಳ್ಳೇದೇ. ಹಲ್ಲೇ ಇಲ್ಲದ ಕೆಳದವಡೆಗೆ ಎರಡು ಇಂಪ್ಲಾಂಟ್ ಹಾಕಿ ಅದಕ್ಕೆ ಗುಂಡಿ ಹಾಕುವ ಹಾಗೆ ಸೆಟ್ಟು ಕೂರಿಸುವುದನ್ನೇ ಮೊದಲ ಆಯ್ಕೆ ಅಂತ 2002ರಲ್ಲಿ ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಹೇಳಿದ್ದಾರೆ. ಮಾಷ್ಟ್ರಂಥವರಿಗೆ ಅದು ನಿಜವಾಗಿ ಉಪಯೋಗ. ಆದರೆ ನಿಮ್ಮ ಅಪ್ಪನಿಗೆ ದೇವರು ಕೊಟ್ಟ ಎರಡು ಬೇರು ಅದೇ ಜಾಗದಲ್ಲಿ ಉಂಟು. ಅದನ್ನು ಕಿತ್ತು, ಎಲುಬು ತೂತು ಮಾಡಿ, ತಿಂಗಳುಗಟ್ಟಲೆ ಕಾದು ಸ್ಕ್ರೂ ಹಾಕಿಸುವ ಅರ್ಜೆಂಟ್ ಎಂತ? ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಇಂಪ್ಲಾಂಟ್ ಕೂರುವುದೂ ಕಷ್ಟ. ಮೂರು ತಿಂಗಳ ಸರಾಸರಿ ಸಕ್ಕರೆ ಎಷ್ಟುಂಟು ಅಂತ ಮೊದಲು ಪರೀಕ್ಷೆ ಮಾಡಿಸಿ. ಬೇರು ಮುಂದೆ ಯಾವತ್ತಾದರೂ ಹೋದರೆ ಆಗ ಇಂಪ್ಲಾಂಟ್ ಬಾಗಿಲು ತೆರೆದೇ ಇರ್ತದೆ.

ಶಾರ್ಜಾದಿಂದ

ಹಾಗಾದರೆ ಆ ದುಡ್ಡಲ್ಲಿ ಸೆಟ್ಟು ಒಳ್ಳೇದು ಮಾಡಿಸಿ. ಅಪ್ಪ ಮದುವೆಗೆ ಬರಬೇಕು, ಡಿಸೆಂಬರಿನಲ್ಲಿ ನಂದೇ ಮದುವೆ.

ಪೆರ್ಲ ಪೇಟೆ

ಅಬ್ಬಾ, ಇದು ಎರಡನೇ ಡಾಕ್ಟ್ರಿಗೂ ಗೊತ್ತಿಲ್ಲದ ಗಡುವು. ಶುಭವಾಗಲಿ ತಮ್ಮಾ.

ಸಿಸ್ಟರ್ ಮುಳ್ಳೇರಿಯ

ನಾನು ಪಂಚಾಯತಿನ ಪಾಲಿಯೇಟಿವ್ ಕೆಲಸಕ್ಕೆ ಮನೆ ಮನೆಗೆ ಹೋಗುವವಳು. ಇಲ್ಲಿ ಎಲ್ಲರೂ ನಡೆದು ಡಾಕ್ಟ್ರಲ್ಲಿಗೆ ಹೋಗುವವರ ವಿಷಯ ಮಾತಾಡ್ತಾ ಇದ್ದೀರಿ. ಹಾಸಿಗೆ ಹಿಡಿದವರ ಬಾಯಿಯನ್ನು ಯಾರೂ ನೋಡುವುದಿಲ್ಲ. ಮೈ ಒರೆಸ್ತಾರೆ, ಬಟ್ಟೆ ಬದಲಿಸ್ತಾರೆ, ಬೆನ್ನಿಗೆ ಪೌಡರ್ ಹಾಕ್ತಾರೆ. ಬಾಯಿ ತೆರೆದು ನೋಡಿದರೆ ನಿನ್ನೆಯ ಗಂಜಿ ಕೆನ್ನೆಯ ಸಂದಿಯಲ್ಲಿ ಉಂಟು.

ಒಂದು ಮನೆಯಲ್ಲಿ ಅಜ್ಜ ಊಟ ಬೇಡ ಅಂತ ತಲೆ ತಿರುಗಿಸ್ತಾ ಇದ್ದರು. ಇನ್ನು ಹೆಚ್ಚು ದಿನ ಇಲ್ಲ ಅಂತ ಮಕ್ಕಳು ನೆಂಟರಿಗೆಲ್ಲ ಫೋನು ಮಾಡಿಯಾಗಿತ್ತು. ಮೇಲಿನ ಸೆಟ್ಟು ಬಾಯಲ್ಲೇ ಉಂಟು ಎನ್ನುವುದೇ ಮನೆಯವರಿಗೆ ನೆನಪಿಲ್ಲ. ಮೆಲ್ಲ ಬಿಡಿಸಿ ತೆಗೆದರೆ ಅಂಗುಳ ಪೂರ್ತಿ ಕೆಂಪು, ಮೇಲೆ ಬಿಳಿ ಬಿಳಿ ಪದರ. ಶಿಲೀಂಧ್ರದ ಸೋಂಕು. ಡಾಕ್ಟ್ರು ಬರೆದ ಹನಿ ಮದ್ದು ಹಾಕಿ, ಸೆಟ್ಟು ತೊಳೆದಿಟ್ಟು, ಕೆಲವು ದಿನದಲ್ಲಿ ಅಜ್ಜ ಮಜ್ಜಿಗೆ ಅನ್ನ ಕೇಳಿದರು. ನೆಂಟರು ಬಂದು ನೋಡಿ ವಾಪಸ್ ಹೋದರು.

ಹೀಗೆ ಮಾಡಿ. ತಲೆ ಎತ್ತರಿಸಿ ಒಂದು ಬದಿಗೆ ತಿರುಗಿಸಿ. ಬೆರಳಿಗೆ ಒದ್ದೆ ಗಾಜ್ ಬಟ್ಟೆ ಸುತ್ತಿ ವಸಡು, ಕೆನ್ನೆಯ ಒಳಗೆ, ನಾಲಗೆ ಒರೆಸಿ. ಹಲ್ಲಿದ್ದರೆ ಮಕ್ಕಳ ಮೆತ್ತಗಿನ ಬ್ರಷ್ಷು, ಪೇಸ್ಟು ಅಕ್ಕಿಕಾಳಿನಷ್ಟು. ಬಾಯಿಗೆ ನೀರು ಹೊಯ್ಯಬೇಡಿ, ಶ್ವಾಸಕ್ಕೆ ಹೋಗ್ತದೆ. ಬಾಯಿಯ ಕೊಳೆ ಉಸಿರಿನ ದಾರಿಗೆ ಇಳಿದೇ ಎಷ್ಟೋ ಜನಕ್ಕೆ ನ್ಯುಮೋನಿಯಾ ಬರುವುದು. ತುಟಿ ಒಣಗಿದ್ದರೆ ಸ್ವಲ್ಪ ತೆಂಗಿನೆಣ್ಣೆ.

ಮೀಯಪದವು

ಸಿಸ್ಟರೇ, ನಮ್ಮ ಅಮ್ಮನಿಗೆ ಸದಾ ಬಾಯಿ ಒಣಗುವುದು. ಯಾವಾಗಲೂ ಬಾಯಲ್ಲಿ ಕಲ್ಲುಸಕ್ಕರೆ.

ಸಿಸ್ಟರ್ ಮುಳ್ಳೇರಿಯ

ಕಲ್ಲುಸಕ್ಕರೆ ನಿಲ್ಲಿಸಿ ಮೊದಲು! ಜೊಲ್ಲು ಕಡಿಮೆ ಆದ ಬಾಯಿಗೆ ಸಕ್ಕರೆ ಸೇರಿದರೆ ಹಲ್ಲಿನ ಬುಡ ಬೇಗ ಹುಳುಕಾಗ್ತದೆ. ಬಿಪಿ ಮಾತ್ರೆ, ನಿದ್ದೆ ಮಾತ್ರೆ, ಅಲರ್ಜಿ ಮಾತ್ರೆಗಳಲ್ಲಿ ಕೆಲವು ಬಾಯಿ ಒಣಗಿಸ್ತವೆ. ಮಾತ್ರೆಯ ಚೀಟಿ ಡಾಕ್ಟ್ರಿಗೆ ತೋರಿಸಿ, ಬದಲಿಸ್ಲಿಕ್ಕೆ ಆಗ್ತದಾ ಕೇಳಿ. ಗುಟುಕು ಗುಟುಕು ನೀರು ಕುಡಿಯುವುದು ಅಭ್ಯಾಸ ಮಾಡಿಸಿ.

ಕುಂಬ್ಳೆ ಕಡಲು

2020ರ ಮಾರ್ಚಿನಲ್ಲಿ ಗಡಿ ರಸ್ತೆಗೆ ಮಣ್ಣು ಸುರಿದು ಮುಚ್ಚಿದಾಗ ನಮ್ಮ ದೊಡ್ಡಮ್ಮನ ಸೆಟ್ಟು ಕೈಜಾರಿ ಎರಡು ತುಂಡು. ಮಾಡಿಕೊಟ್ಟ ಡಾಕ್ಟ್ರು ಮಂಗ್ಳೂರಿನಲ್ಲಿ, ನಾವು ಈಚೆ. ಡಯಾಲಿಸಿಸ್‌ನವರೇ ದಾಟ್ಲಿಕ್ಕೆ ಆಗದೆ ಒದ್ದಾಡುವಾಗ ಹಲ್ಲಿಗೆ ಯಾರು ಬಿಡ್ತಾರೆ? ಅಣ್ಣ ಚಪ್ಪಲಿ ಅಂಟಿಸುವ ಗಮ್ಮು ಹಾಕಿ ಜೋಡಿಸಿದ. ಸ್ವಲ್ಪ ಸೊಟ್ಟ ಕೂತಿತು, ಲಾಕ್‌ಡೌನ್ ಇಡೀ ಅದರಲ್ಲೇ ಹೋಯ್ತು.

ಹಲ್ಲಿನ ಡಾಕ್ಟ್ರು

ಅಯ್ಯೋ! ಆ ಗಮ್ಮು ಬಾಯಿಗೆ ವಿಷ, ಮತ್ತೆ ಸೊಟ್ಟ ಅಂಟಿದ್ದನ್ನು ನಮಗೂ ಸರಿ ಮಾಡ್ಲಿಕ್ಕೆ ಆಗುವುದಿಲ್ಲ. ತುಂಡುಗಳನ್ನು ಹಾಗೇ ಡಬ್ಬಿಯಲ್ಲಿ ಇಟ್ಟುಕೊಂಡು ತನ್ನಿ,ಹೆಚ್ಚಾಗಿ ಬೇಗನೇ ಸರಿ ಮಾಡಿ ಕೊಡಬಹುದು.

ನಿಭಾಯಿಸುವ ವಿಷಯ ಬಂತಲ್ಲ, ಹೇಳಿಬಿಡ್ತೇನೆ. ಸೆಟ್ಟನ್ನು ಕುದಿಯುವ ನೀರಿಗೆ ಹಾಕಬೇಡಿ, ಆಕಾರ ಕೆಡ್ತದೆ. ಪೇಸ್ಟಿನಿಂದ ತಿಕ್ಕಿದರೆ ಗೀರು ಬೀಳ್ತದೆ, ಸೋಪು ಸಾಕು. ತೊಳೆಯುವಾಗ ಕೆಳಗೆ ನೀರು ತುಂಬಿದ ಬೇಸಿನ್ನು ಇಟ್ಟುಕೊಳ್ಳಿ, ಜಾರಿದರೂ ಒಡೆಯುವುದಿಲ್ಲ. ರಾತ್ರಿ ತೆಗೆದು ನೀರಲ್ಲಿ ಹಾಕಿಡಿ, ವಸಡಿಗೂ ರಜೆ ಬೇಕು. ಹೊಸತರಲ್ಲಿ ಎರಡು ಬದಿಯಿಂದಲೂ ಸಮ ಜಗಿಯಿರಿ, ಮೆತ್ತಗಿನದ್ದರಿಂದ ಶುರು ಮಾಡಿ. ಚಕ್ಕುಲಿ, ಸಾಂತಾಣಿ (ಒಣಗಿಸಿದ ಹಲಸಿನ ಬೀಜ) ಆಮೇಲೆ.

ಉಪ್ಪಳ ಲೋಕಲ್

ನಮ್ಮ ಅಜ್ಜ ಚಕ್ಕುಲಿಯನ್ನು ಪುಡಿ ಮಾಡಿ ಚಹಾಕ್ಕೆ ಹಾಕಿ ತಿನ್ನುವುದು ಅಂತ ಅಜ್ಜಿ ಈಗ ಹೇಳಿದರು. ಆದರೂ ತಿಂತಾರೆ!

ನಿವೃತ್ತ ಮಾಷ್ಟ್ರು

ನೋಡಿ, ಸತ್ಯ ಹೊರಬಂತು. ಜಪಾನಿನಲ್ಲಿ 1989ರಿಂದ "8020" ಎಂಬ ಆಂದೋಲನ ನಡೆಸುತ್ತಿದ್ದಾರೆ: 80 ವಯಸ್ಸಾದಾಗ ಸ್ವಂತದ 20 ಹಲ್ಲು ಇರಬೇಕು. ನಮ್ಮಲ್ಲಿ 60 ಆದ ಕೂಡಲೇ "ಪ್ರಾಯ ಆಯ್ತಲ್ಲ, ಹಲ್ಲು ಹೋಗುವುದೇ" ಎಂದು ಬೀಳ್ಕೊಡುಗೆ ಸಭೆ ಮಾಡುತ್ತೇವೆ. ಹಲ್ಲು ಪ್ರಾಯಕ್ಕೆ ಹೋಗುವುದಲ್ಲವಂತೆ, ವಸಡಿನ ರೋಗಕ್ಕೆ ಹೋಗುವುದು. ಸಕ್ಕರೆ ಕಾಯಿಲೆಯವರಿಗೆ ವಸಡು ಬೇಗ ಹಾಳಾಗುತ್ತದೆ, ವಸಡು ಹಾಳಾದರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ ಎಂದು ನನ್ನ ಡಾಕ್ಟರು ಹೇಳಿದ್ದು ಹಲ್ಲೆಲ್ಲ ಹೋದ ಮೇಲೆ.

ಪೆರ್ಲ ಪೇಟೆ

ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗ್ತದೆ ಅಂತ ಹೇಳ್ತಾರಲ್ಲ?

ಹಲ್ಲಿನ ಡಾಕ್ಟ್ರು

ಸಡಿಲ ಆಗಿರುವ ಹಲ್ಲನ್ನು ಕಿಟ್ಟ ಹಿಡಿದು ನಿಲ್ಲಿಸಿರ್ತದೆ. ತೆಗೆದಾಗ ಗೊತ್ತಾಗುವುದು ಅಷ್ಟೆ.

ಬೇಳದ ಮಗಳು

ಎಲ್ಲರಿಗೂ ಹೇಳಬೇಕಲ್ಲ ಅಂತ ಬಂದೆ. ಹಾರ್ಟಿನ ಡಾಕ್ಟ್ರು ಮಾತ್ರೆ ನಿಲ್ಲಿಸುವುದು ಬೇಡ ಅಂತ ಚೀಟಿ ಬರೆದುಕೊಟ್ಟರು. ನಡುವಿನ ಎರಡು ಹಲ್ಲು, ಮೇಲಿನ ಬೇರು ತೆಗೆದಾಯ್ತು. ಹೊಲಿಗೆ ಹಾಕಿದರು, ರಕ್ತ ಅಲ್ಲೇ ನಿಂತಿತು. ಕಣ್ಣಿಗೆ ಎಂತದೂ ಆಗ್ಲಿಲ್ಲ. ಅತ್ತೆ ದಿನಾ ಬಂದು ಗೋಡೆಯ ಕ್ಯಾಲೆಂಡರ್ ಓದಿಸಿ ನೋಡ್ತಾ ಇದ್ದಾರೆ.

ಕೋರೆಹಲ್ಲು ಉಳಿಸುವುದು ಅಂತ ತೀರ್ಮಾನ. ಅಪ್ಪ ಒಪ್ಪಿದ್ದು ನನ್ನ ಮಾತಿಗಲ್ಲ, ಮಾಷ್ಟ್ರ ವಂದನಾರ್ಪಣೆಗೆ. "ನನ್ನ ಕೆಳಗಿನದ್ದು ಸಭೆಯಲ್ಲಿ ಏಳಬಾರದು" ಅಂತ ಡಾಕ್ಟ್ರಿಗೇ ಹೇಳಿದರು. ಖಾಸಗಿಯಲ್ಲಿ ಹೇಳಿದ ರೇಟು ಜಾಸ್ತಿ ಕಂಡಿತು, ಡೆಂಟಲ್ ಕಾಲೇಜಿನಲ್ಲಿ ಮಾಡಿಸುವ ಅಂತ ಉಂಟು. ಪೊಯಿನಾಚಿಯಾ, ದೇರಳಕಟ್ಟೆಯಾ?

ಅಕ್ಷಯದ ಹುಡುಗ

ನಿಮಗೆ ಚೆರ್ಕಳ ಮೇಲೆ ಪೊಯಿನಾಚಿ ಹತ್ತಿರ ಅಕ್ಕ. ಕಮಲಕ್ಕ ಬಂದಿದ್ದರು, ಆಧಾರಿನಲ್ಲಿ ಹೆಸರು ಸರಿ ಮಾಡ್ಲಿಕ್ಕೆ ಕೊಟ್ಟಿದ್ದೇವೆ. ಅದಾದ ಕೂಡಲೇ ಅರ್ಜಿ ಹಾಕ್ತೇನೆ, ಡಾಕ್ಟ್ರ ಸರ್ಟಿಫಿಕೇಟು ಮಾಡಿಸಿ ಇಟ್ಟುಕೊಳ್ಳಲಿ.

ಹಲ್ಲಿನ ಡಾಕ್ಟ್ರು

ಎರಡೂ ಆಗ್ತದೆ. ಕಾಲೇಜಿನಲ್ಲಿ ಖರ್ಚು ಕಡಿಮೆ, ಕಲಿಯುವ ಮಕ್ಕಳು ಮಾಡಿದರೂ ಹಿಂದೆ ಮೇಷ್ಟ್ರು ನಿಂತು ನೋಡ್ತಾರೆ. ಹೊತ್ತು ಮಾತ್ರ ಜಾಸ್ತಿ ಹಿಡೀತದೆ, ಸುಮಾರು ಸಲ ಹೋಗಬೇಕು. ಕಿತ್ತ ಗಾಯ ಒಣಗಿ ದವಡೆ ಒಂದು ಹದಕ್ಕೆ ಬರಲೂ ಸಮಯ ಬೇಕು. ಡಿಸೆಂಬರ್ ಮದುವೆ ಅಂತ ಮೊದಲ ದಿನವೇ ಹೇಳಿಬಿಡಿ. ಅಲ್ಲಿಯವರೆಗೆ ತಾತ್ಕಾಲಿಕ ಸೆಟ್ಟು ಹಾಕಲಿಕ್ಕೆ ಆಗ್ತದಾ ಅಂತಲೂ ಕೇಳಿ.

ತೋಟದ ಮನೆ

ಮದುವೆ ಊಟಕ್ಕೆ ಕರೆಯಿರಿ. ಕೊನೆಗೆ ಎಲೆಯಡಿಕೆ ಇಡ್ತೀರಲ್ಲ, ಡಾಕ್ಟ್ರಮ್ಮನ ಎದುರಿನಲ್ಲೇ ಹಾಕ್ತೇನೆ.

ಹಲ್ಲಿನ ಡಾಕ್ಟ್ರು

ಹಾಕಿ ಭಾವ. ಹಾಕುವ ಮೊದಲು ಒಮ್ಮೆ ಬಾಯಿ ತೆರೆದು ತೋರಿಸಿ, ಫೀಸು ಬೇಡ.